ಖಾರ ಕಡಿಮಿ, ತಿಖಟ ಕಮೀ, ತೀಖಾ ಕಮ್

ಸವದತ್ತಿ ಕಡೆಯಿಂದ ಬೆಳಗಾವಿಗೆ ಕೆಲಸಕ್ಕೆ ಬಂದಾಗ ನನಗೆ ಗೊತ್ತಿದ್ದದ್ದು ಖಾನಾವಳಿ ಊಟ ಒಂದೇ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬೀದಿಯಲ್ಲಿ ತಿನ್ನುವುದನ್ನು ಕಲಿಸಿದವನು ರೂಮಿನ ಗೆಳೆಯ. ಅವನ ಮನೆಮಾತು ಮರಾಠಿ. ಇಬ್ಬರು ಸೇರಿ ಒಂದೇ ಪ್ಲೇಟ್ ತಗೋಬೇಕು, ಒಂದೇ ಗಾಡಿ ಮುಂದೆ ಹೊಟ್ಟೆ ತುಂಬಿಸಿಕೊಳ್ಳಬಾರದು ಅನ್ನುತ್ತಿದ್ದ. ಹಾಗೆ ಮಾಡಿದ್ದರಿಂದಲೇ 150 ರೂಪಾಯಿಯಲ್ಲಿ ಇಬ್ಬರ ಸಂಜೆ ಮುಗಿಯುತ್ತಿತ್ತು.

ಬೈಕ್ ದೂರ ನಿಲ್ಲಿಸಿ ನಡೆಯುತ್ತೇವೆ. ಗಣಪತ ಗಲ್ಲಿ, ಖಡೇ ಬಜಾರ್ ಗದ್ದಲದಲ್ಲಿ ಬೈಕ್ ಬರೀ ಹೊರೆ.

ಮಿಸಳ್ ಮಾತ್ರ ಸಂಜೆಗೆ ಬೇಡ, ಬೆಳಿಗ್ಗೆಯೇ ತಿನ್ನಬೇಕು. ಮೊಳಕೆ ಬಂದ ಮಡಕಿ ಕಾಳು, ಅದರ ಮೇಲೆ ಫರಸಾಣ ಅನ್ನುವ ಕರಿದ ಕುರುಕಲು, ಹೆಚ್ಚಿದ ಉಳ್ಳಾಗಡ್ಡಿ, ಆಮೇಲೆ ಕೆಂಪಗೆ ಎಣ್ಣೆ ತೇಲುವ ಕಟ್, ಅಂದರೆ ಖಾರದ ರಸ್ಸಾ (ಸಾರು). ಫರಸಾಣ ಮೆತ್ತಗಾಗುವ ಮೊದಲೇ ಮೊದಲ ತುತ್ತು ಬಾಯಿಗೆ ಹೋಗಬೇಕು. ನಾನು ಹೋಗುವ ಕಡೆ ಒಬ್ಬ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಬಡಿಸುತ್ತಾರೆ. ರಸ್ಸಾ ಮತ್ತೆ ಕೇಳಿದರೆ ದುಡ್ಡು ಹಿಡಿಯುವುದಿಲ್ಲ. ಜೊತೆಗೆ ಪಾವ್. ಆ ಹೆಸರು ಪೋರ್ತುಗೀಸರಿಂದ ಬಂದದ್ದು. ಗೋವಾ ಇಲ್ಲೇ ಘಟ್ಟದ ಕೆಳಗೆ ಇದೆ ಅಲ್ವಾ?

ಮೊದಲ ದಿನ ಮಾವಶಿಗೆ "ಖಾರ ಕಡಿಮಿ ಹಾಕ್ರಿ" ಅಂದೆ. ಗೆಳೆಯ "ತಿಖಟ ಕಮೀ ಘಾಲಾ" ಅಂತ ಹೇಳಿಕೊಟ್ಟ. ಮಾವಶಿ ನಕ್ಕು, "ಕನ್ನಡಾನೂ ಬರ್ತೈತ್ರಿ ನನಗ" ಅಂದರು. ಆದರೂ ಮರುದಿನದಿಂದ ನಾನು ಮರಾಠಿಯಲ್ಲೇ ಕೇಳಿದೆ. ಊಟ ಹಾಕುವವರ ಮಾತಿನಲ್ಲಿ ನಾಲ್ಕು ಪದ ಆಡಿದರೆ ನನಗೇ ಖುಷಿ. ಕಬಾಬ್ ಗಾಡಿಯ ಮುಂದೆ ಅದೇ ಮಾತು "ತೀಖಾ ಕಮ್, ಭಾಯಿ" ಆಗುತ್ತದೆ.

ಒಮ್ಮೆ ಮಾತ್ರ ಎಡವಿದೆ. ಅವಸರದಲ್ಲಿ, ಜನರೇ ಇಲ್ಲದ ಒಂದು ಗಾಡಿಯಲ್ಲಿ ತಣ್ಣಗಿದ್ದ ವಡಾವನ್ನು ಮತ್ತೆ ಕರಿಸಿಕೊಂಡು ತಿಂದೆ. ಎರಡು ದಿನ ಹೊಟ್ಟೆ ಕೆಟ್ಟಿತು. ಆಗಿನಿಂದ ಮೊದಲು ಬಾಣಲೆ ನೋಡುತ್ತೇನೆ. ಎಣ್ಣೆ ಕಪ್ಪಾಗಿದ್ದರೆ, ನೊರೆ ಬರುತ್ತಿದ್ದರೆ ಸುಮ್ನೆ ಮುಂದೆ ನಡೆಯುತ್ತೇನೆ. ಹಸಿ ಚಟ್ನಿ ಮುಚ್ಚಿಟ್ಟಿದ್ದಾರಾ ಅಂತಲೂ ನೋಡುತ್ತೇನೆ. ಮಿರ್ಚಿ ಭಜಿಗೆ ಜನ ಕಾಯುತ್ತಾ ನಿಂತಿದ್ದರೆ ನಾನೂ ನಿಲ್ಲುತ್ತೇನೆ. ಅಲ್ಲಿ ಯಾವ ಭಜಿಯೂ ತಣ್ಣಗಾಗುವಷ್ಟು ಹೊತ್ತು ಉಳಿಯುವುದಿಲ್ಲ.

ರಂಜಾನ್ ತಿಂಗಳಲ್ಲಿ ದರಬಾರ್ ಗಲ್ಲಿ ಕಡೆ ಹೋಗದೆ ಇರಲಾರೆ. ಮೊದಲ ವರ್ಷ ನಾವು ತುಸು ಬೇಗ ಹೋಗಿದ್ದೆವು. ಸಮೋಸಾ, ಕಬಾಬ್, ಫಿರ್ನಿ ಎಲ್ಲಾ ಜೋಡಿಸಿಟ್ಟಿದ್ದರು. ನಾನು ದುಡ್ಡು ಚಾಚಿದೆ. ಗಾಡಿಯ ಕಾಕಾ, "ಎರಡು ನಿಮಿಷ ತಡೀರಿ, ಆಜಾನ್ ಆಗಲಿ" ಅಂದರು. ಕೂಗು ಕೇಳಿದ ಮೇಲೆ ಅವರು ಒಂದು ಖರ್ಜೂರ ಬಾಯಿಗಿಟ್ಟುಕೊಂಡು ನೀರು ಕುಡಿದರು. ಆಮೇಲೆ ನಮ್ಮಿಬ್ಬರ ಅಂಗೈಗೂ ಒಂದೊಂದು ಖರ್ಜೂರ ಇಟ್ಟರು. ಸಮೋಸಾ ಕಟ್ಟಿಕೊಟ್ಟದ್ದು ಅದಾದ ಮೇಲೆ.