ಎರಡು ತಿಂಗಳು ಕಳೆದ ಮೇಲಿನ ಮಾತ್ರೆಗಳು

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನಾನು ಹಲವು ವರ್ಷಗಳಿಂದ ಕ್ಷಯರೋಗ ಚಿಕಿತ್ಸಾ ಮೇಲ್ವಿಚಾರಕನಾಗಿದ್ದೇನೆ. ಆರು ತಿಂಗಳ ಚಿಕಿತ್ಸೆಯಲ್ಲಿ ರೋಗಿಗಳು ನನ್ನ ಕೈತಪ್ಪಿದ್ದು ಹೆಚ್ಚಾಗಿ ಎರಡು ತಿಂಗಳು ಕಳೆದ ಮೇಲೆಯೇ. ಅಷ್ಟರಲ್ಲಿ ಜ್ವರ ಬಿಟ್ಟಿರುತ್ತದೆ, ಕೆಮ್ಮು ನಿಂತಿರುತ್ತದೆ, ಊಟ ಸೇರುತ್ತಿರುತ್ತದೆ. ಒಳಗೆ ಅಡಗಿರುವ ರೋಗಾಣುಗಳನ್ನು ಕೊಲ್ಲಲು ಇನ್ನೂ ನಾಲ್ಕು ತಿಂಗಳು ಮಾತ್ರೆ ಬೇಕೆಂಬುದನ್ನು ಚೇತರಿಸಿಕೊಂಡ ಮನುಷ್ಯನಿಗೆ ಮನಗಾಣಿಸುವುದು ಸುಲಭವಲ್ಲ.

ಮೊದಮೊದಲು ನಾನು ಹೆದರಿಸುತ್ತಿದ್ದೆ. ಮೂರನೆಯ ತಿಂಗಳಲ್ಲಿ ಮಾತ್ರೆ ಬಿಟ್ಟ ಒಬ್ಬ ಗಾರೆ ಕೆಲಸದವರನ್ನು ನೆರೆಹೊರೆಯವರ ಎದುರಿಗೇ ಗದರಿಸಿದೆ. ಅದು ನನ್ನ ದೊಡ್ಡ ತಪ್ಪು. ಅವರು ಹೇಳದೆ ಬೆಂಗಳೂರಿಗೆ ಗುಳೆ ಹೋದರು. ಕೆಲವು ತಿಂಗಳ ನಂತರ ಕಫದಲ್ಲಿ ರಕ್ತ ಕಾಣಿಸಿಕೊಂಡು ಮರಳಿದರು. "ನೀವು ಬೈತೀರಂತ ಅಂಜಿ ಹೇಳ್ದಂಗ ಹೋದೆ ಸರ್" ಎಂದರು.

ಅಂದಿನಿಂದ ಮೊದಲ ಭೇಟಿಯಲ್ಲೇ, ಈ ಆರು ತಿಂಗಳಲ್ಲಿ ಗುಳೆ ಹೋಗುವ ವಿಚಾರವಿದೆಯೇ ಎಂದು ಕೇಳುತ್ತೇನೆ. ಹೋಗಬೇಡಿ ಎನ್ನುವುದಿಲ್ಲ, ಏಕೆಂದರೆ ಹೋಗದಿದ್ದರೆ ಮನೆ ನಡೆಯುವುದಿಲ್ಲ. ಸರ್ಕಾರದ ದಾಖಲೆಯಲ್ಲಿ ಪ್ರತಿ ಕ್ಷಯರೋಗಿಗೂ ಸಿಗುವ ನಿಕ್ಷಯ್ ಸಂಖ್ಯೆಯಿಂದ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಔಷಧ ಮುಂದುವರಿಸಬಹುದೆಂದು ತಿಳಿಸಿ, ಅಲ್ಲಿನ ಸಿಬ್ಬಂದಿಗೆ ಮೊದಲೇ ಫೋನ್ ಮಾಡಿರುತ್ತೇನೆ.

ನಾನು ಕಂಡಂತೆ ರೋಗಿಗಳನ್ನು ಅತ್ಯಂತ ಗಟ್ಟಿಯಾಗಿ ಹಿಡಿದು ನಿಲ್ಲಿಸುವುದು ತೂಕದ ಯಂತ್ರ. 38 ಕೆ.ಜಿ.ಗೆ ಇಳಿದಿದ್ದ ಒಬ್ಬ ತಾಯಿ, ತಿಂಗಳು ತಿಂಗಳು ತನ್ನ ಕಾರ್ಡಿನಲ್ಲಿ ಅಂಕಿ ಏರುವುದನ್ನು ನೋಡಿ, ಅಕ್ಷರ ಬಾರದಿದ್ದರೂ ಆ ಅಂಕಿಯನ್ನು ಬೆರಳಿನಿಂದ ಮುಟ್ಟಿ ಮಗಳಿಗೆ ತೋರಿಸುತ್ತಿದ್ದರು. ಎಷ್ಟು ಉಪದೇಶ ಮಾಡಿದರೂ ನನ್ನಿಂದ ಆಗದ ಕೆಲಸ ಅದು.

ಮನೆಯವರಿಗೆ ತಿಳಿಯದಂತೆ ಮಾತ್ರೆ ನುಂಗುವವರ ಪಾಡು ಬೇರೆ. ಕ್ಷಯದ ಔಷಧಗಳಲ್ಲಿ ಒಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕೆಂಪಗಾಗುತ್ತದೆಂದು ಮುಂಚಿತವಾಗಿ ಹೇಳದಿದ್ದರೆ, ರಕ್ತ ಹೋಗುತ್ತಿದೆಯೆಂದು ಬೆದರಿ ಸದ್ದಿಲ್ಲದೆ ನಿಲ್ಲಿಸಿಬಿಡುತ್ತಾರೆ. ಹೊಸದಾಗಿ ಮದುವೆಯಾಗಿದ್ದ ಒಬ್ಬ ಹುಡುಗಿ ಹೀಗೆಯೇ ನಿಲ್ಲಿಸಿದ್ದಳು. ಅವಳ ಒಪ್ಪಿಗೆ ಪಡೆದು, ನಾನು ಮತ್ತು ಆಶಾ ಕಾರ್ಯಕರ್ತೆ ಎರಡು ಸಲ ಅತ್ತೆಯೊಂದಿಗೆ ಕುಳಿತು, ಶ್ವಾಸಕೋಶದ ಕ್ಷಯ ಗಾಳಿಯಿಂದ ಹರಡುತ್ತದೆಯೇ ಹೊರತು ತಟ್ಟೆ ಲೋಟದಿಂದಲ್ಲವೆಂದು ವಿವರಿಸಿದೆವು. ಅತ್ತೆ ಕೂಡಲೇ ಒಪ್ಪಲಿಲ್ಲ. ಆದರೆ ಮುಂದಿನ ತಿಂಗಳು ನಾನು ಹೋದಾಗ, ಬೆಳಿಗ್ಗೆ ಮಾತ್ರೆಯ ಜೊತೆಗೆ ನೀರು ಕೊಡುತ್ತಿದ್ದವರು ಅವರೇ.

ಕ್ಷಯರೋಗಿಗಳಿಗೆ ಸರ್ಕಾರ 2018ರಲ್ಲಿ ಆರಂಭಿಸಿದ ಪೋಷಣೆಯ ನೆರವು ತಿಂಗಳಿಗೆ 500 ರೂಪಾಯಿ ಇತ್ತು. 2024ರ ನವೆಂಬರ್‌ನಿಂದ 1,000 ಆಗಿದೆ. ಅದರಿಂದ ಮನೆಗೆ ಮೊಟ್ಟೆ, ಬೇಳೆ ಬರುತ್ತವೆ, ಅದು ನಿಜವಾಗಿಯೂ ಬೇಕು. ಆದರೂ ಮಾತ್ರೆಗಾಗಿ ಒಂದು ದಿನದ ಕೂಲಿ ಬಿಡಬೇಕಾದರೆ ಆ ನೆರವು ಸಾಲದು. ಆದ್ದರಿಂದ ಅವರು ಹೊಲಕ್ಕೆ ಹೊರಡುವ ಮುನ್ನವೇ ನಾನು ಅವರ ಮನೆ ತಲುಪುತ್ತೇನೆ.

ಆ ಗಾರೆ ಕೆಲಸದವರು ಎರಡನೆಯ ಸಲ ಚಿಕಿತ್ಸೆ ಪೂರ್ತಿ ಮುಗಿಸಿದರು. ಈಗ ಗುಳೆ ಹೊರಟವರು ಒಪ್ಪಿದರೆ, ಅವರೊಂದಿಗೆ ಫೋನಿನಲ್ಲಿ ಮೊದಲು ಆ ಗಾರೆ ಕೆಲಸದವರಿಂದಲೇ ಮಾತನಾಡಿಸುತ್ತೇನೆ.