ಮನೆಯಲ್ಲೇ ಮಾಡಿದ ರಿಬ್ಬನ್ ಮೈಕ್, ಬಾಡಿಯೂ ಎರಕದ್ದೇ

ಮೊನ್ನೆ ಭಾನುವಾರ ಪಕ್ಕದ ಬೀದಿಯ ವೀಣೆ ಟೀಚರ್ ಮನೆಯಲ್ಲಿ ನನ್ನ ಮೈಕ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿದೆ. ಮೀಟಿದಾಗ ಬರುವ ಆ ಚೂಪು ಸದ್ದು ಕಿವಿಗೆ ಚುಚ್ಚಲಿಲ್ಲ, ಮಂದ್ರದ ತಂತಿ ತುಂಬಿಕೊಂಡು ಬಂತು. ಹೆಡ್‌ಫೋನ್ ಹಾಕಿಕೊಂಡು ಕೇಳಿದ ಟೀಚರ್ "ಇದು ನನ್ನ ವೀಣೆನೇ ಕಣಪ್ಪ" ಅಂದರು. ಎರಡು ವರ್ಷದಿಂದ "ಸುಮ್ನೆ ಚೀನಾ ಬಾಡಿ ತಗೊಂಡು ಒಳಗಿನದು ಬದಲಾಯಿಸು, ಎರಕ ಗಿರಕ ಎಲ್ಲ ಯಾಕೆ" ಅಂತಿದ್ದ ಸ್ಟುಡಿಯೋ ಗೆಳೆಯನಿಗೆ ಅದೇ ರಾತ್ರಿ ಫೈಲ್ ಕಳಿಸಿದೆ. ಈಗ ಅವನಿಗೇ ಒಂದು ಜೋಡಿ ಬೇಕಂತೆ!

ಒಳಗಿನದು ಎಲ್ಲ ರಿಬ್ಬನ್ ಮೈಕಿನ ಥರದ್ದೇ: ಎರಡು ಮ್ಯಾಗ್ನೆಟ್ ನಡುವೆ ತೆಳು ಲೋಹದ ಹಾಳೆ, ಅದೇ ರಿಬ್ಬನ್, ಸದ್ದಿಗೆ ಅದು ಅಲುಗಿದರೆ ಸಣ್ಣ ಕರೆಂಟ್ ಹುಟ್ಟುತ್ತದೆ. 50 ಮಿ.ಮೀ. ನಿಯೋಡಿಮಿಯಂ ಮ್ಯಾಗ್ನೆಟ್ ಪಟ್ಟಿ ಎರಡು, ನಡುವೆ ಸುಮಾರು 5 ಮಿ.ಮೀ. ಗ್ಯಾಪ್, 2.5 ಮೈಕ್ರಾನ್ ಅಲ್ಯೂಮಿನಿಯಂ ಹಾಳೆ, ಆ ಸಣ್ಣ ಸಿಗ್ನಲ್ ಎತ್ತಲು 1:37 ಟ್ರಾನ್ಸ್‌ಫಾರ್ಮರ್. ಒದ್ದಾಟ ಜಾಸ್ತಿ ಬಾಡಿಯದ್ದು.

ಮೊದಲನೇ ಎರಕ ಮನೆ ಮಹಡಿ ಮೇಲೆ. ಇದ್ದಿಲು, ಹಳೇ ಬ್ಲೋವರ್, ಒಂದು ಮೂಸೆ. ತೂತು ಬಿದ್ದ ಅಲ್ಯೂಮಿನಿಯಂ ಪಾತ್ರೆಗಳನ್ನು ಕರಗಿಸಿದೆ. ಗಂಜಿ ಥರ ನಿಂತುಬಿಟ್ಟಿತು, ಅಚ್ಚಿನ ತೆಳು ಅಂಚಿಗೆ ಹೋಗಲೇ ಇಲ್ಲ. ಶಿವಾಜಿನಗರದ ಗುಜರಿಯಿಂದ ಹಳೇ ಪಿಸ್ಟನ್ ತಂದು ಕರಗಿಸಿದೆ, ಅದರಲ್ಲಿ ಸಿಲಿಕಾನ್ ಜಾಸ್ತಿ ಅಲ್ವಾ, ನೀರಿನ ಹಾಗೆ ಓಡಿತು. ಆದರೆ ಅದು ಜುಲೈ ತಿಂಗಳು, ಮರಳಲ್ಲಿ ತೇವ ಜಾಸ್ತಿಯಾಗಿತ್ತು. ಲೇತ್‌ಗೆ ಕಟ್ಟಿ ಒಂದು ಮಿ.ಮೀ. ತೆಗೆದರೆ ಒಳಗೆಲ್ಲ ತೂತು, ಸೆಟ್ ದೋಸೆಯ ಹಾಗೆ.

ಆಮೇಲೆ ಪೀಣ್ಯದಲ್ಲಿ ನಾಲ್ಕು ಫೌಂಡ್ರಿ ಅಲೆದೆ. "ಎಷ್ಟು ನೂರು ಪೀಸ್ ಸಾರ್?" ಅಂತ ಕೇಳುವವರು, ಆರು ಅಂದರೆ ಟೀ ಕುಡಿಸಿ ಕಳಿಸುವರು. ಐದನೆಯವರು ಒಪ್ಪಿದರು, ಅವರ ಎಲ್‌ಎಂ6 (ಸಿಲಿಕಾನ್ ಜಾಸ್ತಿಯಿರುವ ಅಲ್ಯೂಮಿನಿಯಂ) ಕರಗಿಸುವ ದಿನ ನನ್ನ ಅಚ್ಚಿಗೂ ಒಂದಿಷ್ಟು ಹುಯ್ಯುವುದು ಅಂತ. ಮರದ ಪ್ಯಾಟರ್ನ್‌ಗೆ (ಮರಳಲ್ಲಿ ಅಚ್ಚು ಒತ್ತುವ ಮಾದರಿ) ಎರಡೂವರೆ ಸಾವಿರ, ಒಂದು ಬಾಡಿಗೆ ಎರಡು ಹೋಳಿನಂತೆ ಆರು ಜೊತೆ ಎರಕಕ್ಕೆ ನಾಲ್ಕು ಸಾವಿರದ ಹತ್ತಿರ. ತಣ್ಣಗಾದಾಗ ಕುಗ್ಗುತ್ತೆ ಅಂತ ಪ್ಯಾಟರ್ನ್ ಅನ್ನು ಶೇಕಡಾ 1.3ರಷ್ಟು ದೊಡ್ಡದು ಮಾಡಿಸಿದ್ದೆ. ಎರಕ ಚೊಕ್ಕವಾಗಿ ಬಂತು, ಒಂದು ತೂತಿಲ್ಲ.

ಆದರೆ ಡಿಸೈನ್ ಕೈಕೊಟ್ಟಿತು. ನೋಡೋಕೆ ಚೆನ್ನಾಗಿರಲಿ ಅಂತ ಹಿಂದೆ ಮುಂದೆ ಸಣ್ಣ ಸೀಳು ಇಟ್ಟಿದ್ದೆ. ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸಿತು. ರಿಬ್ಬನ್‌ಗೆ ಎರಡೂ ಕಡೆ ಗಾಳಿ ಒಂದೇ ಸಮ ಸಿಗಬೇಕು. ಪ್ಯಾಟರ್ನ್ ಮತ್ತೆ ಮಾಡಿಸಿದೆ, ಇನ್ನೊಂದು ಎರಡು ಸಾವಿರ ಹೋಯಿತು. ಈ ಸಲ ಎರಡೂ ಕಡೆ ಪೂರ್ತಿ ಕಿಟಕಿ, ಹಿತ್ತಾಳೆ ಜಾಲರಿ, ಒಳಗೆ ಎರಡು ಚಪ್ಪಟೆ ಗೋಡೆ ಎದುರುಬದುರು ನಿಲ್ಲದ ಹಾಗೆ ಓರೆ ಕೊಟ್ಟೆ. ಬಿಂದಿಗೆ ಸದ್ದು ಹೋಯಿತು.

ನಡುವೆ ಹಿತ್ತಾಳೆಯಲ್ಲೂ ಒಂದು ಹುಯ್ಯಿಸಿದೆ. ಅಲ್ಯೂಮಿನಿಯಂನದ್ದು ಆರುನೂರು ಗ್ರಾಂ ಇದ್ದರೆ ಇದು ಒಂದೂಮುಕ್ಕಾಲು ಕೆ.ಜಿ. ಬೆರಳಲ್ಲಿ ತಟ್ಟಿದರೆ ಗಂಟೆ ಬಾರಿಸಿದ ಹಾಗೆ ಎಷ್ಟೋ ಹೊತ್ತು ಗುಂಯ್‌ಗುಡುತ್ತಿತ್ತು. ಅದನ್ನು ಬಿಟ್ಟೆ. ಸ್ವೀಟ್ ಮೇಲೆ ಹಾಕುವ ಬೆಳ್ಳಿ ವರಕ್ ಅನ್ನು ರಿಬ್ಬನ್ ಮಾಡಲು ಹೋದೆ, ಉಸಿರು ತಾಗಿದರೆ ಹರಿಯುತ್ತದೆ. ಅಡುಗೆಮನೆ ಫಾಯಿಲ್ ಗಟ್ಟಿ, ಆದರೆ ಸದ್ದು ಎಷ್ಟು ಸಣ್ಣ ಅಂದರೆ ಪ್ರೀಆಂಪ್ (ಮೈಕಿನ ಸಿಗ್ನಲ್ ಹೆಚ್ಚಿಸುವ ಡಬ್ಬಿ) ಪೂರ್ತಿ ತಿರುಗಿಸಿದರೂ ಬರೀ ಹಿಸ್.

ಪೌಡರ್ ಕೋಟಿಂಗ್ ಮಾಡಿಸಿದ ಮೇಲೆ ಹಮ್, ಅಂದರೆ ಹಿಂದೆ ಗುಂಯ್ ಅನ್ನುವ ಕರೆಂಟ್ ಸದ್ದು, ಎಲ್ಲಿಂದ ಬರುತ್ತಿದೆ ಅಂತ ಒಂದು ವಾರ ಹುಡುಕಿದೆ. ಕೇಬಲ್ ಬದಲಾಯಿಸಿದೆ, ಎಸ್.ಪಿ. ರೋಡ್‌ಗೆ ಹೋಗಿ ಹೊಸ ಎಕ್ಸ್‌ಎಲ್‌ಆರ್ ಕನೆಕ್ಟರ್ ತಂದೆ. ಕೊನೆಗೆ ಮಲ್ಟಿಮೀಟರ್ ಇಟ್ಟು ನೋಡಿದರೆ ಬಾಡಿಯ ಎರಡು ಹೋಳಿನ ನಡುವೆ ಕನೆಕ್ಷನ್ನೇ ಇಲ್ಲ, ಬಣ್ಣ ಅಡ್ಡ ಕೂತಿತ್ತು. ಸೇರುವ ಅಂಚನ್ನು ಬ್ಲೇಡಿನಲ್ಲಿ ಹೊಳೆಯುವವರೆಗೆ ಕೆರೆದೆ. ಮುಕ್ಕಾಲು ಹಮ್ ಹೋಯಿತು. ಉಳಿದದ್ದು ಟ್ರಾನ್ಸ್‌ಫಾರ್ಮರ್ ಎಳೆದುಕೊಳ್ಳುತ್ತಿದ್ದ ಮನೆ ಕರೆಂಟಿನ 50 ಹರ್ಟ್ಸ್. ಅದರ ಕಾಂತಕ್ಷೇತ್ರವನ್ನು ಅಲ್ಯೂಮಿನಿಯಂ ತಡೆಯಲ್ಲ, ಮ್ಯೂಮೆಟಲ್ (ಕಾಂತಕ್ಷೇತ್ರ ತಡೆಯುವ ನಿಕ್ಕಲ್-ಕಬ್ಬಿಣದ ಮಿಶ್ರಲೋಹ) ಡಬ್ಬಿ ಬೇಕೇ ಬೇಕು.

ಲೇತ್ ಇರುವ ಟೇಬಲ್ ಮೇಲೆ ಮಾತ್ರ ಮ್ಯಾಗ್ನೆಟ್ ಜೋಡಿಸಬೇಡಿ. ಕಣ್ಣಿಗೆ ಕಾಣದ ಕಬ್ಬಿಣದ ಪುಡಿ ಗ್ಯಾಪ್‌ಗೆ ಹಾರಿ ಕೂರುತ್ತದೆ, ರಿಬ್ಬನ್ ಅದಕ್ಕೆ ತಾಗಿ ಕರಕರ ಅನ್ನುತ್ತದೆ. ನನ್ನ ಮೂರು ರಿಬ್ಬನ್ ಹಾಗೇ ಹೋದವು. ಈಗ ಊಟದ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆಫ್ ಮಾಡಿ ಕೂರುತ್ತೇನೆ.

ರಿಬ್ಬನ್ ಹಾಳೆಗೆ ನಿರಿಗೆ ಹಾಕುವುದು ಯಾವ ಗೇರಿನ ಹಲ್ಲಿನಿಂದ, ಎಳೆತ ಎಷ್ಟು, ಇವೆರಡನ್ನು ಇಲ್ಲಿ ಹೇಳಲ್ಲ. ಅದಕ್ಕೇ ನನಗೆ ಎಂಟು ತಿಂಗಳು ಹಿಡಿದಿದೆ.

ಕೆಟ್ಟದ್ದೆಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು ಖರ್ಚಾಗಿರಬೇಕು. ಈಗ ಒಂದಕ್ಕೆ ಹತ್ತು ಹನ್ನೊಂದು ಸಾವಿರ ಬೀಳುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಾನ್ಸ್‌ಫಾರ್ಮರ್‌ಗೇ. ಪ್ಯಾಟರ್ನ್ ಫೌಂಡ್ರಿಯಲ್ಲೇ ಬಿಟ್ಟು ಬಂದಿದ್ದೇನೆ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಗೆಳೆಯನ ಜೋಡಿ ಹುಯ್ಯಿಸಬೇಕು.