ಅಜ್ಜಿಯ ಮನೆಗೆ ಎಷ್ಟು ಮೆಟ್ಟಿಲು?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಭಾನುವಾರದ ಕನ್ನಡ ತರಗತಿಗೆ ಬರುವ ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿಗೆ ನಾನು ಪಾಠ ಹೇಳುತ್ತೇನೆ. ಅಮೆರಿಕಕ್ಕೆ ವಲಸೆ ಬಂದವರ ಚರಿತ್ರೆಯನ್ನೂ ಕನ್ನಡದಲ್ಲೇ ಕಲಿಸುತ್ತೇನೆ. ಹಡಗಿನಲ್ಲಿ ಬಂದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪ ಇಲ್ಲಿನ ಮಕ್ಕಳಿಗೆ ಶಾಲೆಯಲ್ಲೇ ಪರಿಚಯವಾಗಿರುತ್ತದೆ. ಅಂಥದೇ ಕೇಂದ್ರವಿದ್ದ, ಮನೆಯ ಹತ್ತಿರವೇ ಇರುವ ಏಂಜೆಲ್ ದ್ವೀಪದ ಕಥೆ ಬಹಳಷ್ಟು ಮಕ್ಕಳಿಗೆ ಗೊತ್ತಿರುವುದಿಲ್ಲ. ಪೂರ್ವದ ಬಾಗಿಲು, ಪಶ್ಚಿಮದ ಬಾಗಿಲು ಎರಡನ್ನೂ ಒಟ್ಟಿಗೇ ಹೇಳಬೇಕೆಂಬುದು ನನ್ನ ಹಟ.

ಎಲ್ಲಿಸ್ ದ್ವೀಪದ ಪಾಠ ಬೇಗ ಮುಗಿಯುತ್ತದೆ. 1892ರ ಜನವರಿ 1ರಂದು ಅಲ್ಲಿ ತಪಾಸಣಾ ಕೇಂದ್ರ ತೆರೆದಾಗ ಮೊದಲು ಒಳಬಂದ ವಲಸಿಗಳು ಐರ್ಲೆಂಡಿನ ಹದಿನೇಳರ ಹುಡುಗಿ ಆನಿ ಮೂರ್. ಜೊತೆಗೆ ಇಬ್ಬರು ತಮ್ಮಂದಿರು. 1954ರಲ್ಲಿ ಕೇಂದ್ರ ಮುಚ್ಚುವವರೆಗೆ ಸುಮಾರು 1.2 ಕೋಟಿ ಜನ ಆ ದಾರಿಯಲ್ಲಿ ಬಂದರು. ಮೇಲಿನ ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಬಡವರು ಮಾತ್ರ ದ್ವೀಪದಲ್ಲಿ ಸಾಲು ನಿಲ್ಲಬೇಕಿತ್ತು. ವೈದ್ಯರು ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ ಬರೆಯುತ್ತಿದ್ದರು, ಹೃದಯದ ತೊಂದರೆಗೆ ಒಂದು, ಕುಂಟುವವರಿಗೆ ಇನ್ನೊಂದು. ಇದನ್ನು ತರಗತಿಯಲ್ಲಿ ಆಟವಾಗಿ ಆಡಿಸುವವರಿದ್ದಾರೆ. ನಾನು ಆಡಿಸುವುದಿಲ್ಲ. ಕುಂಟುವವರ ನಟನೆ ಮಾಡಿ ಮಕ್ಕಳು ನಕ್ಕುಬಿಟ್ಟರೆ ಪಾಠವೇ ಕೆಟ್ಟಂತೆ.

ನನಗೆ ಹೆಚ್ಚು ಸಮಯ ಬೇಕಾಗುವುದು ಏಂಜೆಲ್ ದ್ವೀಪಕ್ಕೆ. 1882ರ ಕಾನೂನು ಚೀನಾದ ಕೂಲಿಕಾರರಿಗೆ ಬಾಗಿಲು ಹಾಕಿತ್ತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜನನ ದಾಖಲೆಗಳು ನಾಶವಾದವು. ಆಗ ಅನೇಕ ಚೀನೀಯರು ತಾವು ಇಲ್ಲೇ ಹುಟ್ಟಿದವರೆಂದು, ಅಂದರೆ ಅಮೆರಿಕದ ಪೌರರೆಂದು ಹೇಳಿಕೊಂಡರು. ಪೌರರ ಮಕ್ಕಳಿಗೆ ಪ್ರವೇಶವಿದ್ದುದರಿಂದ ಊರಿನಿಂದ ಬೇರೆಯವರ ಹುಡುಗರೂ ಕಾಗದದ ಮೇಲೆ ಅವರ ಮಕ್ಕಳಾಗಿ ಬಂದರು. ಇವರನ್ನು ಹಿಡಿಯಲು 1910ರಿಂದ 1940ರವರೆಗೆ ಈ ದ್ವೀಪದಲ್ಲಿ ಅಧಿಕಾರಿಗಳು ಗಂಟೆಗಟ್ಟಲೆ ವಿಚಾರಣೆ ಮಾಡುತ್ತಿದ್ದರು. ಮನೆಗೆ ಎಷ್ಟು ಮೆಟ್ಟಿಲು? ಅಕ್ಕಿ ಇಡುವುದು ಎಲ್ಲಿ? ನಿಮ್ಮ ಸಾಲಿನ ಮೂರನೆಯ ಮನೆ ಯಾರದು? ಇಲ್ಲಿರುವ ತಂದೆಯನ್ನೂ ಬೇರೆಯಾಗಿ ಕರೆದು ಅದನ್ನೇ ಕೇಳುತ್ತಿದ್ದರು. ಉತ್ತರ ಹೊಂದದಿದ್ದರೆ ಹುಡುಗನನ್ನು ಚೀನಾಕ್ಕೆ ವಾಪಸು ಕಳುಹಿಸುವ ಸಾಧ್ಯತೆ ಇತ್ತು.

ಇದೇ ಪ್ರಶ್ನೆಗಳನ್ನು ಮಕ್ಕಳ ಮುಂದಿಡುತ್ತೇನೆ. ಒಂದು ಕೋಣೆಯಲ್ಲಿ ಮಗು, ಇನ್ನೊಂದರಲ್ಲಿ ಅಪ್ಪ ಅಥವಾ ಅಮ್ಮ. ವಿಷಯ, ಊರಿನಲ್ಲಿರುವ ಅಜ್ಜಿಯ ಮನೆ. ಬಾಗಿಲು ಯಾವ ದಿಕ್ಕಿಗೆ? ಜಗುಲಿಗೆ ಎಷ್ಟು ಮೆಟ್ಟಿಲು? ಅಕ್ಕಿಯ ಡಬ್ಬ ಯಾವ ಮೂಲೆಯಲ್ಲಿ? ಪ್ರತಿ ಬೇಸಿಗೆ ರಜೆಗೆ ಶಿವಮೊಗ್ಗಕ್ಕೆ ಹೋಗಿಬರುವ ಹುಡುಗಿಯೊಬ್ಬಳು ಮೂರು ಮೆಟ್ಟಿಲು ಎಂದು ಬರೆದಳು; ಅವಳ ಅಪ್ಪ ಐದು ಎಂದರು. ಹಾಳೆಗಳನ್ನು ಅಕ್ಕಪಕ್ಕ ಇಟ್ಟಾಗ ಅವಳು ಅಪ್ಪನತ್ತ ತಿರುಗಿ, "ಆದರೆ ನಾನು ನಿಜವಾಗಿಯೂ ನಿಮ್ಮ ಮಗಳೇ ತಾನೆ!" ಎಂದಳು. ನಿಜವಾದ ಮಗನೂ ಈ ಪರೀಕ್ಷೆಯಲ್ಲಿ ಸೋಲಬಹುದಿತ್ತು ಎಂಬುದನ್ನು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಅದಾದ ಮೇಲೆ ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯುತ್ತೇನೆ. ಮರದ ಗೋಡೆಗಳಲ್ಲಿ ಬಂಧಿತರು ಕೆತ್ತಿದ ಚೀನೀ ಕವಿತೆಗಳಿವೆ. 1970ರಲ್ಲಿ ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನ ರಕ್ಷಕ ಗಮನಿಸಿರದಿದ್ದರೆ ಕೆಡವಲಿದ್ದ ಕಟ್ಟಡದ ಜೊತೆ ಅವೂ ಹೋಗುತ್ತಿದ್ದವು. ಪಂಜಾಬಿನಿಂದ ಬಂದವರನ್ನೂ ಇಲ್ಲಿ ತಡೆದಿದ್ದರು ಎಂದಾಗ ಮಕ್ಕಳು ಹತ್ತಿರ ಸರಿಯುತ್ತಾರೆ. ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅಲ್ಲೇ ತಿಳಿಸುತ್ತೇನೆ. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ಆದರೆ ವಲಸೆಗೆ ವರ್ಷಕ್ಕೆ ಬರೀ 100 ಜನ. ಬಾಗಿಲು ಅಗಲವಾದದ್ದು 1965ರ ಕಾನೂನಿನಿಂದ. ನಮ್ಮ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವರು ಇಲ್ಲಿರುವುದು ಆ ಕಾನೂನು ತೆರೆದ ದಾರಿಯಿಂದ. ಮನೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ ಎಂದು ಮಕ್ಕಳು ದೂರುತ್ತಾರೆ.

ವಾಪಸು ಬರುವಾಗ ಒಬ್ಬ ಹುಡುಗ ಕೇಳಿದ: ಬಂದವರೆಲ್ಲ ಇಷ್ಟಪಟ್ಟೇ ಬಂದರೇ? ಮುಂದಿನ ಭಾನುವಾರದ ಪಾಠವನ್ನು ಸೆರೆಯಾಳುಗಳಾಗಿ ತಂದ ಆಫ್ರಿಕನ್ನರು 1619ರಲ್ಲಿ ವರ್ಜೀನಿಯಾಕ್ಕೆ ಬಂದಿಳಿದ ಘಟನೆಯಿಂದ ಆರಂಭಿಸಿದೆ.